ಅಣ್ಣನಿಗೆ 120, ತಮ್ಮನಿಗೆ 420

ಮಂಗಳೂರು ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ.

ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಅಂತ ಒಂದು ಸಾಲು ಇರುತ್ತದೆ, ಅಲ್ವಾ? ರಕ್ತದಲ್ಲಿ ಓಡಾಡುವ ಕೊಬ್ಬು ಅದು. ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿದ್ದರೆ ಸರಿ. 200 ಆದರೆ ಜಾಸ್ತಿ, 500 ಆದರೆ ತುಂಬಾ ಜಾಸ್ತಿ.

ಈಗ ಒಂದೇ ಮನೆಯ ಅಣ್ಣ ತಮ್ಮ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ಅದೇ ಕುಚ್ಚಲಕ್ಕಿ ಗಂಜಿ, ಅದೇ ಬಂಗುಡೆ ಪುಳಿಮುಂಚಿ. ಅಣ್ಣನಿಗೆ 120 ಬರುತ್ತದೆ, ತಮ್ಮನಿಗೆ 420. ಮನೆಯವರೆಲ್ಲ ಸೇರಿ ತಮ್ಮನಿಗೆ ಬೈಯುತ್ತಾರೆ, ಕದ್ದು ಏನು ತಿಂತೀಯಾ, ಎಷ್ಟು ಕುಡೀತೀಯಾ ಅಂತ. ಈ ಬೈಗುಳ ನನಗೆ ಸರಿ ಕಾಣುವುದಿಲ್ಲ. ಅಪ್ಪ ಅಮ್ಮನಿಂದ ಬರುವ ಜೀನುಗಳ ಪಾಲು ಒಡಹುಟ್ಟಿದವರಲ್ಲೂ ಬೇರೆ ಬೇರೆ. ಊಟ ಒಂದೇ ಇದ್ದರೂ ಅದನ್ನು ಮೈ ನಿಭಾಯಿಸುವ ರೀತಿ ಒಂದೇ ಇರಬೇಕಾಗಿಲ್ಲ.

ಕರುಳಿನಿಂದ, ಲಿವರಿನಿಂದ ಕೊಬ್ಬು ಹೊತ್ತ ಸಣ್ಣ ಸಣ್ಣ ಕಣಗಳು ರಕ್ತಕ್ಕೆ ಇಳಿಯುತ್ತವೆ, ಧಕ್ಕೆಗೆ ಮೀನು ತುಂಬಿ ಬರುವ ಬೋಟುಗಳ ಹಾಗೆ. ಮಾಲು ಇಳಿಸುವುದು ಎಲ್‌ಪಿಎಲ್ ಎಂಬ ಕಿಣ್ವದ ಕೆಲಸ, ಅದು ಕಿರು ರಕ್ತನಾಳಗಳ ಗೋಡೆಯಲ್ಲಿ ಕೂತಿರುತ್ತದೆ. ಇದರ ಜೊತೆಗೆ ಮೂರು ಪ್ರೋಟೀನುಗಳಿವೆ: ಅಪೋ ಸಿ2 ಅದನ್ನು ಕೆಲಸಕ್ಕೆ ಹಚ್ಚುತ್ತದೆ, ಅಪೋ ಎ5 ಕೈ ಜೋಡಿಸುತ್ತದೆ, ಅಪೋ ಸಿ3 ತಡೆ ಹಾಕುತ್ತದೆ. ಎಲ್‌ಪಿಎಲ್, ಸಿ2, ಎ5 ಇವುಗಳ ಜೀನಿನಲ್ಲಿ ದೋಷವಿದ್ದರೆ ಕೊಬ್ಬು ರಕ್ತದಲ್ಲೇ ಉಳಿಯುತ್ತದೆ.

ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟ ಪ್ರತಿಯೇ ಬಂದರೆ ಚಿಕ್ಕ ಮಗುವಿಗೂ ಸಾವಿರ ದಾಟಬಹುದು. ಹತ್ತು ಲಕ್ಷದಲ್ಲಿ ಕೆಲವೇ ಮಂದಿಗೆ ಬರುವ ಕಾಯಿಲೆ ಇದು. ಆದರೆ ನಮ್ಮ ಕಡೆ ಸೋದರಮಾವನ ಮಗಳು, ಸೋದರತ್ತೆ ಮಗ ಅಂತ ಹತ್ತಿರದ ಸಂಬಂಧದಲ್ಲೇ ಮದುವೆ ಮಾಡುವ ರೂಢಿ ಇದೆಯಲ್ಲ, ಅಂಥ ಮನೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಇದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಹೆಚ್ಚಿನವರ ಕಥೆ ಮಾತ್ರ ಬೇರೆ. ಬಹಳ ಜೀನುಗಳಲ್ಲಿ ಚೂರು ಚೂರು ವ್ಯತ್ಯಾಸ, ಒಂದೊಂದರಿಂದ ಹೆಚ್ಚೇನೂ ಆಗುವುದಿಲ್ಲ, ಎಲ್ಲ ಒಬ್ಬರಲ್ಲೇ ಸೇರಿದಾಗ ಅಂಕಿ ಏರುತ್ತದೆ. ಜಿಸಿಕೆಆರ್ ಜೀನಿನ ಒಂದು ರೂಪವನ್ನೇ ನೋಡಿ. ಅದಿರುವವರ ಲಿವರ್ ಸಕ್ಕರೆಯನ್ನು ಜಾಸ್ತಿ ಎಳೆದುಕೊಂಡು ಕೊಬ್ಬು ಮಾಡುತ್ತದೆ. ಹಾಗಾಗಿ ಬರಿ ಹೊಟ್ಟೆಯ ಶುಗರ್ ಸ್ವಲ್ಪ ಕಡಿಮೆ, ಟ್ರೈಗ್ಲಿಸರೈಡ್ ಮಾತ್ರ ಜಾಸ್ತಿ! ಎಣ್ಣೆ ತುಪ್ಪ ಬಿಟ್ಟು, ಅನ್ನ, ಬನ್ಸ್, ಸಿಹಿ ಚಹಾ ಹಾಗೇ ಮುಂದುವರಿಸಿದರೆ ಅಂಕಿ ಇಳಿಯದೇ ಇರಲು ಇಂಥ ಕಾರಣವೂ ಇರುತ್ತದೆ.

ಜೀನಿನಿಂದ ಒಳ್ಳೆಯದೂ ಆಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಎಂಬ ರೈತ ಸಮುದಾಯವಿದೆ. ಅವರಲ್ಲಿ ಸುಮಾರು 5 ಶೇಕಡಾ ಜನರಿಗೆ ಅಪೋ ಸಿ3 ಜೀನಿನ ಒಂದು ಪ್ರತಿ ಕೆಲಸ ಮಾಡುವುದಿಲ್ಲ ಅಂತ 2008ರಲ್ಲಿ ತಿಳಿಯಿತು. ಕೊಬ್ಬು ತುಂಬಿದ ಮಿಲ್ಕ್‌ಶೇಕ್ ಕುಡಿಸಿ ನೋಡಿದರೂ ಅವರ ಟ್ರೈಗ್ಲಿಸರೈಡ್ ಹೆಚ್ಚು ಏರಲಿಲ್ಲ, ಹೃದಯದ ರಕ್ತನಾಳಗಳೂ ಬೇರೆಯವರಿಗಿಂತ ಚೆನ್ನಾಗಿದ್ದವು. ಅದೇ ಸಿ3ಯನ್ನು ತಗ್ಗಿಸುವ ಒಲೆಜಾರ್ಸೆನ್ ಎಂಬ ಇಂಜೆಕ್ಷನ್ನಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಾನು ಆಗ ಹೇಳಿದ ಆ ಅಪರೂಪದ ಕಾಯಿಲೆಯವರಿಗಾಗಿ.

ಹಾಗಂತ ಎಲ್ಲರೂ ಜೀನ್ ಪರೀಕ್ಷೆಗೆ ಓಡಬೇಕಾಗಿಲ್ಲ. ಜೀನ್ ಒಲವು ಕೊಡುತ್ತದೆ, ಅದನ್ನು ಮೇಲಕ್ಕೆ ತಳ್ಳುವುದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮದ್ಯ, ಹೊಟ್ಟೆಯ ಬೊಜ್ಜು, ಸರಿಯಿಲ್ಲದ ಥೈರಾಯ್ಡ್, ಕೆಲವು ಮಾತ್ರೆಗಳು. ಇವನ್ನು ಸರಿಪಡಿಸಿದರೆ ಎಷ್ಟೋ ಜನರ ಅಂಕಿ ಅರ್ಧಕ್ಕೆ ಇಳಿದದ್ದುಂಟು. ತಮ್ಮನಿಗೆ ಮದ್ಯ ಬಿಡಲು ಹೇಳಿ, ಖಂಡಿತ ಹೇಳಿ, ಆದರೆ ಅಣ್ಣ, ಅಕ್ಕ, ಮಕ್ಕಳ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಸಣಕಲು ಮೈಯವರನ್ನೂ ಬಿಡಬೇಡಿ.

ಇನ್ನೊಂದು ಮಾತು. ಟ್ರೈಗ್ಲಿಸರೈಡ್ ಸಾವಿರ ದಾಟಿದವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಜಾಸ್ತಿ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹರಡಿ, ಜೊತೆಗೆ ವಾಂತಿಯೂ ಆದರೆ ಗ್ಯಾಸ್ಟ್ರಿಕ್ ಅಂತ ಸುಮ್ನೆ ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಹಳೆಯ ರಿಪೋರ್ಟನ್ನೂ ಜೊತೆಗೆ ಒಯ್ದು ತೋರಿಸಿ.