ಮರಳು ಗುಡಿಸುವವರಿಲ್ಲದ ಊರು

ಕೇಳುಗರೇ, ನಮಸ್ಕಾರ.

ಆ ಮನೆಯ ಬಾಗಿಲು ಅರ್ಧ ತೆರೆದು ಹಾಗೇ ನಿಂತಿತ್ತು. ತಳ್ಳಿದೆ, ಅಲ್ಲಾಡಲಿಲ್ಲ. ಹಿಂದೆ ಮೊಣಕಾಲುದ್ದ ಮರಳು. ಓರೆಯಾಗಿ ನುಸುಳಿ ಒಳಗೆ ಹೋದೆ. ಗೋಡೆಗೆ ತಿಳಿ ನೀಲಿ ಬಣ್ಣ, ಮೇಲ್ಗಡೆ ಬಣ್ಣದ ಅಂಚು. ಕೆಳಗೆ ಮಾತ್ರ ನೆಲವೇ ಕಾಣದು. ಕಿಟಕಿಯಿಂದ ಸುರಿದ ಮರಳು ಮೂಲೆಯಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ಏರಿತ್ತು.

ಇದು ಕೋಲ್ಮನ್ಸ್‌ಕಾಪ್. ಆಫ್ರಿಕಾದ ನಮೀಬಿಯ ದೇಶದ ನಮೀಬ್ ಮರುಭೂಮಿಯಲ್ಲಿ, ಲ್ಯೂಡೆರಿಟ್ಸ್ ಬಂದರಿನಿಂದ ಸುಮಾರು 10 ಕಿಲೋಮೀಟರ್ ಒಳಗಿದೆ. ಸುಮ್ನೆ ನುಗ್ಗುವ ಹಾಗಿಲ್ಲ, ಪರವಾನಗಿ ಬೇಕು.

1908ರಲ್ಲಿ ಇಲ್ಲಿ ಜರ್ಮನರ ಆಡಳಿತ. ರೈಲು ಹಳಿಯ ಮೇಲೆ ಮರಳು ಬಂದು ಕೂರುತ್ತಿತ್ತು. ಅದನ್ನು ಸಲಿಕೆಯಲ್ಲಿ ಎತ್ತಿ ಹಾಕುವ ಕೂಲಿಗಳಲ್ಲಿ ಝಕರಿಯಾಸ್ ಲೆವಾಲ ಒಬ್ಬರು. ಮುಂಚೆ ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದವರು. ಹಾಗಾಗಿ ಸಲಿಕೆಯಲ್ಲಿ ಮಿನುಗಿದ ಕಲ್ಲು ಏನೆಂದು ಅವರಿಗೆ ಗೊತ್ತಾಯಿತು. ಅದನ್ನು ಮೇಲಧಿಕಾರಿ ಆಗಸ್ಟ್ ಸ್ಟಾಖ್ ಕೈಗೆ ಕೊಟ್ಟರು. ಸ್ಟಾಖ್ ಸದ್ದಿಲ್ಲದೆ ಆ ಜಾಗದ ಹಕ್ಕು ಪಡೆದು ಕೋಟ್ಯಧೀಶನಾದ. ಲೆವಾಲರಿಗೆ? ಏನೂ ಸಿಗಲಿಲ್ಲ. ಈ ಕಥೆ ಹೇಳುವವರು ಈ ಮಾತನ್ನು ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಲ್ಲೇ ಮುಳ್ಳು ಚುಚ್ಚಿದಂತಾಯಿತು.

ಆಮೇಲೆ ಊರು ಮೆರೆಯಿತು ನೋಡಿ! ಆಸ್ಪತ್ರೆ, ಶಾಲೆ, ನಾಟಕ ಮತ್ತು ಕುಣಿತಕ್ಕೆ ದೊಡ್ಡ ಸಭಾಂಗಣ, ಪುಟ್ಟ ಟ್ರಾಮು. ಕುಡಿಯುವ ನೀರು ಕೇಪ್‌ಟೌನ್‌ನಿಂದ ಹಡಗಿನಲ್ಲಿ ಬರಬೇಕು, ಆದರೂ ಊರಲ್ಲಿ ಐಸ್ ಕಾರ್ಖಾನೆ! ಸುತ್ತ ಸುಡುವ ಮರಳು, ಮನೆಬಾಗಿಲಿಗೆ ಐಸ್ ಗಡ್ಡೆ. ಆಸ್ಪತ್ರೆಯ ಎಕ್ಸ್‌-ರೇ ಯಂತ್ರಕ್ಕೆ ಮಾತ್ರ ಇನ್ನೊಂದು ಕೆಲಸವೂ ಇತ್ತು. ಕೂಲಿಗಳು ವಜ್ರ ನುಂಗಿದ್ದಾರಾ ಅಂತ ಅದರಲ್ಲೇ ನೋಡುತ್ತಿದ್ದರು. ಆ ಕೂಲಿಗಳಲ್ಲಿ ಹೆಚ್ಚಿನವರು ಉತ್ತರದಿಂದ ಕರಾರಿನ ಮೇಲೆ ಬಂದ ಒವಾಂಬೊ ಜನ. ಅವರಿಗೆ ಬಣ್ಣದ ಗೋಡೆಯ ಮನೆ ಇರಲಿಲ್ಲ. ದೊಡ್ಡ ಬಿಡಾರಗಳಲ್ಲಿ ಒಟ್ಟಾಗಿ ಇರಬೇಕಿತ್ತು.

1928ರ ಹೊತ್ತಿಗೆ ದಕ್ಷಿಣದಲ್ಲಿ, ಆರೆಂಜ್ ನದಿ ಸಮುದ್ರ ಸೇರುವ ಜಾಗದ ಹತ್ತಿರ, ಇನ್ನೂ ದೊಡ್ಡ ವಜ್ರಗಳು ಸಿಕ್ಕವು. ಜನ ಆ ಕಡೆ ಹೊರಟರು. 1956ಕ್ಕೆ ಊರು ಪೂರ್ತಿ ಖಾಲಿ. ದಿನಾ ಮರಳು ಗುಡಿಸುವವರು ಹೋದ ಮೇಲೆ ಇನ್ನೇನು, ಗಾಳಿಯದ್ದೇ ರಾಜ್ಯ ಅಲ್ವಾ? ಮಧ್ಯಾಹ್ನದ ಗಾಳಿ ಎಷ್ಟು ಜೋರು ಅಂದರೆ ನನ್ನ ಟೋಪಿ ಎರಡು ಸಲ ಹಾರಿತು, ಹಲ್ಲಿನ ಸಂದಿಯಲ್ಲೆಲ್ಲ ಮರಳು.

ಹೊರಟಾಗ ಡಾಂಬರು ರಸ್ತೆಗೆ ಅಡ್ಡಲಾಗಿ ಮರಳಿನ ನಾಲಿಗೆ ಚಾಚಿತ್ತು. ಒಂದು ಯಂತ್ರ ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಚಾಲಕ ನಮಗೆ ದಾರಿ ಬಿಟ್ಟು, ಕೈ ಬೀಸಿ, ಮತ್ತೆ ಕೆಲಸಕ್ಕೆ ತೊಡಗಿದ.

ನಮಸ್ಕಾರ.