ಕೋಡ್ ಎಣಿಸುವ ಸಾಧನಕ್ಕೆ ಒಂದು ಭಾಷೆಯನ್ನು ಸೇರಿಸಿದ್ದು

ಈಗ ತೆರೆಯ ಮೇಲೆ ನೀವು ನೋಡುತ್ತಿರುವುದು ನನ್ನ ಪರೀಕ್ಷಾ ಕಡತದ ಮೊದಲ ರೂಪ, ಅದರಲ್ಲಿ ಒಟ್ಟು 48 ಸಾಲುಗಳಿವೆ. ಅವುಗಳಲ್ಲಿ 34 ಕೋಡ್, 8 ಕಾಮೆಂಟ್ (ಓದುವವರಿಗಾಗಿ ಬರೆದ ಟಿಪ್ಪಣಿ), 6 ಖಾಲಿ. ಇವನ್ನು ನಾನು ಬೆರಳಿಟ್ಟು ಒಂದೊಂದಾಗಿ ಮೂರು ಬಾರಿ ಎಣಿಸಿದ್ದೇನೆ. ಕೋಡ್ ಎಣಿಸುವ ಸಾಧನಕ್ಕೆ ಹೊಸ ಭಾಷೆಯನ್ನು ಸೇರಿಸಹೊರಟವರೇ ಕೈಯಿಂದ ಎಣಿಸಬೇಕಾಗಿ ಬರುವುದು ವಿಚಿತ್ರವೆನಿಸಬಹುದು. ಆದರೆ ಸಾಧನ ಹೇಳಿದ ಲೆಕ್ಕವನ್ನೇ ಸರಿಯುತ್ತರವೆಂದು ಬರೆದುಕೊಂಡರೆ ಅದರ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಸಾಧನದ ಹೆಸರು ಟೋಕೇ. ರಸ್ಟ್ ಭಾಷೆಯಲ್ಲಿ ಬರೆದ ಓಪನ್ ಸೋರ್ಸ್ ತಂತ್ರಾಂಶವಿದು. ಇದೇ ಕೆಲಸಕ್ಕೆ ಪರ್ಲ್‌ನಲ್ಲಿ ಬರೆದ ಕ್ಲಾಕ್, ಗೋ ಭಾಷೆಯಲ್ಲಿ ಬರೆದ ಎಸ್‌ಸಿಸಿ ಮುಂತಾದವೂ ಇವೆ. ಯೋಜನೆಯೊಂದರ ಕಡತಕೋಶವನ್ನು ತೋರಿಸಿದರೆ ಯಾವ ಭಾಷೆಯಲ್ಲಿ ಎಷ್ಟು ಸಾಲುಗಳಿವೆ ಎಂದು ಇವು ವಿಂಗಡಿಸಿ ಹೇಳುತ್ತವೆ. ಆದರೆ ಪಟ್ಟಿಯಲ್ಲಿಲ್ಲದ ಭಾಷೆಯ ಕಡತಗಳನ್ನು ಟೋಕೇ ಎಣಿಸದೆ ಮುಂದೆ ಹೋಗುತ್ತದೆ. ನಾನು ದಿನವೂ ಬಳಸುವ, ಇನ್ನೂ ಹೆಚ್ಚು ಜನರಿಗೆ ಪರಿಚಯವಿಲ್ಲದ ಸಣ್ಣ ಭಾಷೆಯೊಂದರ ಸ್ಥಿತಿ ಹಾಗೆಯೇ ಇತ್ತು: ಯೋಜನೆಯ ಅರ್ಧದಷ್ಟು ಕೆಲಸ ಆ ಭಾಷೆಯಲ್ಲಿ ನಡೆದಿದ್ದರೂ ಲೆಕ್ಕದಲ್ಲಿ ಅದು ಸೊನ್ನೆ. ಅದು ನನ್ನನ್ನು ನಿಜಕ್ಕೂ ಕಾಡಿತು.

ಸೇರಿಸುವ ವಿಧಾನ ಮೇಲ್ನೋಟಕ್ಕೆ ಸುಲಭ. ಲಾಂಗ್ವೇಜಸ್ ಡಾಟ್ ಜೇಸನ್ ಎಂಬ ಕಡತದಲ್ಲಿ ಭಾಷೆಯ ಹೆಸರು, ಅದರ ಕಡತಗಳ ವಿಸ್ತರಣೆ (ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗ), ಕಾಮೆಂಟ್‌ನ ಗುರುತು, ಸ್ಟ್ರಿಂಗ್‌ನ (ಕೋಡ್‌ನೊಳಗೆ ಬರುವ ಪಠ್ಯದ) ಉದ್ಧರಣ ಚಿಹ್ನೆ, ಇಷ್ಟನ್ನು ಬರೆದರೆ ಸಾಕು. ಟೋಕೇ ಕಂಪೈಲ್ ಆಗುವ, ಅಂದರೆ ಅದರ ಕೋಡ್ ಓಡಿಸಬಲ್ಲ ತಂತ್ರಾಂಶವಾಗಿ ಬದಲಾಗುವ ಮೊದಲು ಅದರ ಬಿಲ್ಡ್ ಸ್ಕ್ರಿಪ್ಟ್ ಈ ಕಡತವನ್ನು ಓದಿ, ಬೇಕಾದ ರಸ್ಟ್ ಕೋಡನ್ನು ತಾನೇ ಸಿದ್ಧಪಡಿಸುತ್ತದೆ. ಹಾಗಾಗಿ ಒಂದು ಅಲ್ಪವಿರಾಮ ತಪ್ಪಿದರೂ ಬಿಲ್ಡ್ ಅಲ್ಲಿಯೇ ನಿಂತುಹೋಗುತ್ತದೆ.

ಕಷ್ಟವಿರುವುದು ಎಣಿಕೆಯಲ್ಲಿ. ಎರಡು ಓರೆಗೆರೆಗಳು ಕಂಡ ತಕ್ಷಣ ಕಾಮೆಂಟ್ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಸ್ಟ್ರಿಂಗ್‌ನೊಳಗೆ ಬರೆದ ಪ್ರತಿಯೊಂದು ಜಾಲತಾಣದ ವಿಳಾಸದಲ್ಲಿಯೂ ಅವೇ ಗೆರೆಗಳಿರುತ್ತವೆ. ಸಿ ಭಾಷೆಯಲ್ಲಿ ಕಾಮೆಂಟ್‌ನೊಳಗೆ ಇನ್ನೊಂದು ಕಾಮೆಂಟ್ ತೆರೆದರೂ ಮೊದಲು ಸಿಗುವ ಮುಕ್ತಾಯದ ಗುರುತಿಗೇ ಎಲ್ಲವೂ ಮುಗಿಯುತ್ತದೆ. ರಸ್ಟ್ ಮತ್ತು ಹ್ಯಾಸ್ಕೆಲ್‌ನಲ್ಲಿ ಹಾಗಲ್ಲ, ಅಲ್ಲಿ ತೆರೆದಷ್ಟು ಬಾರಿ ಮುಚ್ಚಲೇಬೇಕು. ನನ್ನ ಭಾಷೆ ಈ ಎರಡನೆಯ ಗುಂಪಿಗೆ ಸೇರಿದ್ದು. ಅದನ್ನು ಜೇಸನ್‌ನಲ್ಲಿ ತಿಳಿಸಲು ನಾನು ಮರೆತಿದ್ದೆ. ಪರೀಕ್ಷಾ ಕಡತದ ಮೊದಲ ಸಾಲಿನಲ್ಲಿ ನಿರೀಕ್ಷಿತ ಲೆಕ್ಕವನ್ನು ಕಾಮೆಂಟ್ ರೂಪದಲ್ಲಿ ಬರೆದಿಡುವುದು ಟೋಕೇಯ ಪದ್ಧತಿ. ನಾನು 34 ಮತ್ತು 8 ಎಂದು ಬರೆದಿದ್ದರೆ ಸಾಧನ 37 ಮತ್ತು 5 ಎಂದಿತು. ಒಳಗಿನ ಕಾಮೆಂಟ್ ಮುಚ್ಚಿಕೊಂಡ ಕೂಡಲೇ ಹೊರಗಿನದೂ ಮುಗಿಯಿತೆಂದು ಭಾವಿಸಿ, ಉಳಿದ ಮೂರು ಸಾಲುಗಳ ವಿವರಣೆಯನ್ನು ಅದು ಕೋಡ್ ಎಂದು ಎಣಿಸಿತ್ತು. ಒಟ್ಟು ಮೊತ್ತ ಮಾತ್ರ 48 ಆಗಿಯೇ ಇತ್ತು. ಕೈಲೆಕ್ಕ ಇಲ್ಲದಿದ್ದರೆ ಈ ತಪ್ಪು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತಂತ್ರಾಂಶವನ್ನು ಹೇಗೆ ಕಟ್ಟಬೇಕೆಂಬ ಸೂಚನೆಗಳಿರುವ ಬಿಲ್ಡ್ ಕಡತಗಳ ಕಥೆ ಬೇರೆ. ಅವುಗಳನ್ನು ಗುರುತಿಸಲು ವಿಸ್ತರಣೆಯನ್ನು ನಂಬುವಂತಿಲ್ಲ. ಮೇಕ್‌ಫೈಲ್, ಡಾಕರ್‌ಫೈಲ್‌ಗಳಿಗೆ ವಿಸ್ತರಣೆಯೇ ಇರುವುದಿಲ್ಲ. ಸಿಮೇಕ್‌ನ ಕಡತದ ಹೆಸರು ಟಿಎಕ್ಸ್‌ಟಿ ಎಂದು ಕೊನೆಗೊಳ್ಳುತ್ತದೆ. ಸಾಮಾನ್ಯ ಪಠ್ಯವನ್ನು ಟೋಕೇ ಕೋಡ್ ಎಂದು ಪರಿಗಣಿಸುವುದಿಲ್ಲವಾದ್ದರಿಂದ, ಇಡೀ ಹೆಸರನ್ನು ನೋಡಿ ಗುರುತಿಸದಿದ್ದರೆ ನೂರಾರು ಸಾಲುಗಳ ಬಿಲ್ಡ್ ಸೂಚನೆಗಳು ಕೋಡ್‌ನ ಲೆಕ್ಕದಿಂದ ಹೊರಗೆ ಬೀಳುತ್ತವೆ. ನನ್ನ ಭಾಷೆಯ ಬಿಲ್ಡ್ ಕಡತಕ್ಕೂ ವಿಸ್ತರಣೆಯಿಲ್ಲ. ಆದ್ದರಿಂದ ಅದರ ಪೂರ್ಣ ಹೆಸರನ್ನು ಪ್ರತ್ಯೇಕವಾಗಿ ನಮೂದಿಸಿದೆ. ಬಿಲ್ಡ್ ಬರೆಯುವುದು ಕೂಡ ಶ್ರಮವೇ, ಅದನ್ನು ಲೆಕ್ಕದಿಂದ ಬಿಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಟೋಕೇಗೆ ಸೇರಿಸಿಕೊಳ್ಳುವ ಕೋರಿಕೆ) ಕಳುಹಿಸಿದ ಬಳಿಕ ಪರಿಶೀಲಕರು ಒಂದೇ ಪ್ರಶ್ನೆ ಕೇಳಿದರು: ಸ್ಟ್ರಿಂಗ್‌ನೊಳಗೆ ಕಾಮೆಂಟ್ ತೆರೆಯುವ ಗುರುತು ಬಂದು, ಅದು ಮುಚ್ಚದೆಯೇ ಉಳಿದರೆ ಏನಾಗುತ್ತದೆ? ಜೇಸನ್‌ನಲ್ಲಿ ಉದ್ಧರಣ ಚಿಹ್ನೆ ತಪ್ಪಾಗಿದ್ದರೆ ಅಲ್ಲಿಂದ ಕಡತದ ಕೊನೆಯವರೆಗಿನ ಕೋಡೆಲ್ಲ ಕಾಮೆಂಟ್ ಆಗಿಬಿಡುತ್ತದೆ. ನನ್ನ ಕಡತದಲ್ಲಿ ಆ ಸಂದರ್ಭ ಇರಲಿಲ್ಲ. ಅಂಥದೊಂದು ಸ್ಟ್ರಿಂಗ್, ಒಂದು ಖಾಲಿ ಸಾಲು, ಅದರ ಕೆಳಗೆ ಒಂದು ಸಾದಾ ಕೋಡ್ ಸಾಲು, ಹೀಗೆ ಮೂರು ಸಾಲುಗಳನ್ನು ಕೊನೆಯಲ್ಲಿ ಸೇರಿಸಿದೆ. ಆ ಕೊನೆಯ ಸಾಲು ಕೋಡ್ ಎಂದೇ ಎಣಿಕೆಯಾದರೆ ಸಾಧನ ಸ್ಟ್ರಿಂಗನ್ನು ಸರಿಯಾಗಿ ದಾಟಿ ಬಂದಿದೆ ಎಂದರ್ಥ. ಈಗ ಕಡತದ ಮೊದಲ ಸಾಲನ್ನು ನೋಡಿ: ಒಟ್ಟು 51, ಕೋಡ್ 36, ಕಾಮೆಂಟ್ 8, ಖಾಲಿ 7. ಇದನ್ನೂ ಕೈಯಿಂದಲೇ ಎಣಿಸಿ, ಆಮೇಲೆ ಪರೀಕ್ಷೆಯನ್ನು ಓಡಿಸಿದೆ.