ಮಂಗಳೂರು ಮಳೆಯ ಲೆಕ್ಕ: ಎಂಟೂವರೆಯ ಬಾಟಲಿ, ಪಣಂಬೂರಿನ ಬೆಲೂನು

ನಿನ್ನೆ ಮಂಗಳೂರಿನಲ್ಲಿ ಎಷ್ಟು ಮಳೆ ಬಂತು? ಪೇಪರ್ ನೋಡಿದರೆ ಒಂದು ಅಂಕಿ ಸಿಗುತ್ತದೆ. ಆದರೆ ಸೋಮವಾರ ಇಡೀ ದಿನ ಸುರಿದಿರುತ್ತದೆ, ಸೋಮವಾರದ ಲೆಕ್ಕದಲ್ಲಿ ಎರಡೋ ಮೂರೋ ಮಿಲಿಮೀಟರ್ ಅಂತ ಇರುತ್ತದೆ. "ಇವರ ಲೆಕ್ಕವೇ ಸುಳ್ಳು" ಅಂತ ಬಸ್ಸಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಅಲ್ವಾ?

ಲೆಕ್ಕ ಸುಳ್ಳಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ಸೋಮವಾರ ಹಗಲು ಬಂದ ಮಳೆ ಮಂಗಳವಾರದ ತಾರೀಕಿನ ಮುಂದೆ ಬರುತ್ತದೆ. ದೇಶದ ಎಲ್ಲಾ ಕಡೆ ಅದೇ ಗಳಿಗೆಗೆ ಅಳೆದರೆ ಮಾತ್ರ ಒಂದು ಊರನ್ನು ಇನ್ನೊಂದು ಊರಿನ ಜೊತೆ, ಈ ವರ್ಷವನ್ನು ಹಿಂದಿನ ವರ್ಷದ ಜೊತೆ ಹೋಲಿಸಲು ಆಗುವುದು.

ಈಗ ನೀವು ನೋಡುತ್ತಿರುವುದು ಹೆಬ್ರಿ ಹತ್ತಿರ ನನ್ನ ಸೋದರಮಾವನ ಅಡಿಕೆ ತೋಟ. ಅವರು ವಿಜ್ಞಾನಿ ಅಲ್ಲ. ಆದರೆ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಪುತ್ತೂರು, ಸುಳ್ಯದ ಕಡೆಯೂ ಎಷ್ಟೋ ಕೃಷಿಕರ ಮನೆಯಲ್ಲಿ ಇಂಥ ಮಾಪಕ, ಪಕ್ಕದಲ್ಲಿ ಒಂದು ಹಳೆ ಡೈರಿ ಇರುತ್ತದೆ. ಮಾವನಿಗೆ ಇದು ಬರೀ ಹವ್ಯಾಸ ಅಲ್ಲ. ಮಳೆ ಬಿಡುವು ಕೊಟ್ಟಾಗ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯದಿದ್ದರೆ ಕೊಳೆರೋಗ ಅಡಿಕೆಯನ್ನು ಉಳಿಸುವುದಿಲ್ಲ. ಹೊಡೆದ ಮೇಲೆ ಎಷ್ಟು ಮಳೆ ಬಂತು ಅನ್ನುವುದೂ ಗೊತ್ತಿರಬೇಕು.

ಹತ್ತಿರದಿಂದ ನೋಡಿ. ಮೇಲೆ ಆಲಿಕೆ, ಒಳಗೆ ಬಾಟಲಿ. ಆಲಿಕೆಯ ಬಾಯಿ 100 ಚದರ ಸೆಂಟಿಮೀಟರ್. ಹಾಗಾಗಿ ಲೆಕ್ಕ ಬಹಳ ಸುಲಭ. 10 ಮಿಲಿಲೀಟರ್ ನೀರು ಅಂದರೆ 1 ಮಿಲಿಮೀಟರ್ ಮಳೆ. ಒಂದು ಲೀಟರ್ ತುಂಬಿದರೆ 100 ಮಿಲಿಮೀಟರ್. ಅಳತೆಯ ಗ್ಲಾಸಿನಲ್ಲಿ ನಮ್ಮ ಜುಲೈ ಮಳೆ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ತುಂಬಿಸಬೇಕು, ಬರೆದುಕೊಳ್ಳಬೇಕು, ಚೆಲ್ಲಬೇಕು, ಮತ್ತೆ ತುಂಬಿಸಬೇಕು. ನಾನು ನಿಂತುಕೊಂಡೇ ಓದಲು ಹೋದೆ. "ಬಗ್ಗು ಮಾರಾಯ, ಮೇಲಿಂದ ನೋಡಿದ್ರೆ ಎಂತ ಗೊತ್ತಾಗ್ತದೆ?" ಅಂದರು ಮಾವ. ಗ್ಲಾಸಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲಕ್ಕೆ ಹತ್ತಿರುತ್ತದೆ. ಕಣ್ಣು ಅದರ ಮಟ್ಟಕ್ಕೆ ಇಳಿಯಬೇಕು, ನಡುವಿನ ತಗ್ಗನ್ನು ಓದಬೇಕು.

ಇಡುವ ಜಾಗವೂ ಮುಖ್ಯ. ಮರವೋ ಗೋಡೆಯೋ ಎಷ್ಟು ಎತ್ತರವೋ, ಅದರ ಎರಡು ಪಟ್ಟಾದರೂ ದೂರ ಇರಬೇಕು. ತೆಂಗು, ಅಡಿಕೆ, ಹಲಸು ತುಂಬಿರುವ ನಮ್ಮ ಊರಲ್ಲಿ ಅಂಥ ಜಾಗ ಹುಡುಕುವುದೇ ದೊಡ್ಡ ಕೆಲಸ. ಟೆರೇಸಿನ ಮೇಲೆ ಇಟ್ಟರೆ ಗಾಳಿ ಹನಿಗಳನ್ನು ಪಕ್ಕಕ್ಕೆ ಒಯ್ಯುತ್ತದೆ, ಲೆಕ್ಕ ಕಡಿಮೆ ಬರುತ್ತದೆ.

ಗ್ರಾಮ ಪಂಚಾಯಿತಿಗಳಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿವೆ. ರಾಜ್ಯದಲ್ಲಿ ಒಟ್ಟು 6 ಸಾವಿರಕ್ಕೂ ಹೆಚ್ಚು. ಒಳಗೆ ಎರಡು ಪುಟ್ಟ ಬಟ್ಟಲು, ಪಾರ್ಕಿನಲ್ಲಿ ಮಕ್ಕಳು ಕೂತು ಏರಿಳಿಯುವ ಹಲಗೆಯ ತರಹ. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಅನ್ನುವುದೇ ಮಳೆ. ಸೋಲಾರ್ ಪ್ಯಾನೆಲ್, ಸಿಮ್ ಇದೆ, 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿನ ಯಲಹಂಕದಲ್ಲಿರುವ ಆ ಕೇಂದ್ರಕ್ಕೆ ಹೋಗುತ್ತದೆ. ಒಂದೇ ತೊಂದರೆ. ಮಳೆ ತುಂಬಾ ಬಿರುಸಾದರೆ ಬಟ್ಟಲು ವಾಲುವಷ್ಟರಲ್ಲೇ ಒಂದಿಷ್ಟು ನೀರು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಕರಾವಳಿಯ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಮಾವನ ಬಾಟಲಿ ಮೇಲೆ ನನಗೆ ಇನ್ನೂ ಗೌರವ ಜಾಸ್ತಿ.

ಇನ್ನೊಂದು ಮಜಾ ಇದೆ. "ಮುಂಗಾರು ಕೇರಳಕ್ಕೆ ಬಂತು" ಅಂತ ಘೋಷಿಸಲು ಇಲಾಖೆ 14 ಕೇಂದ್ರಗಳ ಮಳೆ ನೋಡುತ್ತದೆ. ಮೇ 10ರ ನಂತರ, ಅವುಗಳಲ್ಲಿ ಶೇಕಡಾ 60ರಷ್ಟು ಕಡೆ ಎರಡು ದಿನ ಸತತ 2.5 ಮಿಲಿಮೀಟರ್ ಅಥವಾ ಹೆಚ್ಚು ಬರಬೇಕು. ಜೊತೆಗೆ ಸಮುದ್ರದ ಮೇಲಿನ ಗಾಳಿ, ಉಪಗ್ರಹಕ್ಕೆ ಕಾಣುವ ಮೋಡವೂ ಒಪ್ಪಬೇಕು. ಆ 14ರಲ್ಲಿ ಲಕ್ಷದ್ವೀಪದ ಮಿನಿಕಾಯ್, ಕೊಚ್ಚಿ, ಕಣ್ಣೂರು, ಕಾಸರಗೋಡಿನ ಕೂಡ್ಲು ಇವೆ. ನಮ್ಮ ಮಂಗಳೂರೂ ಇದೆ! ಕೇರಳದ ಮುಂಗಾರಿಗೆ ನಮ್ಮದೂ ಒಂದು ವೋಟು.

ಉಷ್ಣಾಂಶ ಅಳೆಯುವ ಬಿಳಿ ಪೆಟ್ಟಿಗೆ ನಿಮಗೆ ಗೊತ್ತಿರಬಹುದು. ಸುತ್ತ ಗಾಳಿಯಾಡುವ ಪಟ್ಟಿ, ಬಿಸಿಲು ಬೀಳದಂತೆ ಉತ್ತರಕ್ಕೆ ಬಾಗಿಲು. ಇದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಲೈಟ್‌ಹೌಸ್ ಕಟ್ಟುವ ಇಂಜಿನಿಯರ್. ಅದರ ಮಾತು ಇಷ್ಟು ಸಾಕು, ಏಕೆಂದರೆ ನಾನು ಹೇಳಬೇಕೆಂದಿರುವುದು ಬೆಲೂನಿನ ಬಗ್ಗೆ.

ಹವಾಮಾನ ಇಲಾಖೆ ಬೆಲೂನು ಹಾರಿಸುವ ಕೇಂದ್ರ ಮಂಗಳೂರಿನ ಪಣಂಬೂರಿನಲ್ಲಿದೆ. ಜಗತ್ತಿನ ನೂರಾರು ಕೇಂದ್ರಗಳಿಗೆ ಒಂದೇ ವೇಳಾಪಟ್ಟಿ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30. ಹೈಡ್ರೋಜನ್ ತುಂಬಿದ ಬೆಲೂನು, ಕೆಳಗೆ ದಾರದಲ್ಲಿ ನೇತಾಡುವ ಸಣ್ಣ ಡಬ್ಬಿ. ಹೆಸರು ರೇಡಿಯೋಸಾಂಡ್. ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತಾ ಉಷ್ಣಾಂಶ, ತೇವಾಂಶ, ಒತ್ತಡವನ್ನು ಕೆಳಗೆ ಕಳಿಸುತ್ತಲೇ ಇರುತ್ತದೆ. ಜಿಪಿಎಸ್‌ನಿಂದ ಗಾಳಿಯ ವೇಗ, ದಿಕ್ಕು ಗೊತ್ತಾಗುತ್ತದೆ. ನಾವು ಕೆಳಗೆ ಬೆವರು ಒರೆಸಿಕೊಳ್ಳುತ್ತಿರುವಾಗ, ಐದೂವರೆ ಕಿಲೋಮೀಟರ್ ಮೇಲೆ ಹೆಚ್ಚುಕಡಿಮೆ ಶೂನ್ಯ ಡಿಗ್ರಿ. ಹದಿನಾರು ಹದಿನೇಳು ಕಿಲೋಮೀಟರ್ ಎತ್ತರದಲ್ಲಿ ಮೈನಸ್ 80ರ ಹತ್ತಿರ.

ಮಳೆಗಾಲದಲ್ಲಿ ಇದರ ದಾರಿ ನೋಡಬೇಕು. ಕೆಳಗಿನ ಗಾಳಿ ಪಡುವಣದ್ದು. ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿದು ನಮಗೆ ಮಳೆ ಕೊಡುವುದು ಅದೇ, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ಜೋರು ಹೆಚ್ಚು. ಹಾಗಾಗಿ ಬೆಲೂನು ಮೊದಲು ಪೂರ್ವಕ್ಕೆ, ಮೂಡಬಿದಿರೆ ಕಡೆಗೆ ವಾಲುತ್ತದೆ. ಇನ್ನೂ ಮೇಲೆ ಹೋದರೆ ಗಾಳಿ ಪೂರ್ತಿ ಉಲ್ಟಾ! ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಮೂಡಣ ಗಾಳಿ, ಎಷ್ಟೋ ದಿನ ಗಂಟೆಗೆ 100 ಕಿಲೋಮೀಟರ್ ದಾಟುವ ವೇಗ. ಪಿ. ಕೋಟೇಶ್ವರಂ ಎಂಬ ನಮ್ಮ ದೇಶದ ವಿಜ್ಞಾನಿ 1958ರಲ್ಲಿ ಇದರ ಬಗ್ಗೆ ಬರೆದರು. ಘಟ್ಟದ ಕಡೆ ಹೊರಟ ಬೆಲೂನನ್ನು ಆ ಗಾಳಿ ತಿರುಗಿಸಿ ಅರಬ್ಬಿ ಸಮುದ್ರದ ಕಡೆ ತಳ್ಳುತ್ತದೆ.

ಸಮುದ್ರದ ಮಧ್ಯೆ ದಿನಾ ಬೆಲೂನು ಹಾರಿಸಲು ಜನ ಇಲ್ಲ. ಅಲ್ಲಿ ಲಂಗರು ಹಾಕಿದ ಬೋಯಾಗಳು, ಅಂದರೆ ಉಪಕರಣ ಹೊತ್ತು ತೇಲುವ ಬುರುಡೆಗಳು, ಗಾಳಿ, ಒತ್ತಡ, ನೀರಿನ ಬಿಸಿ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಕಷ್ಟ ಏನೆಂದರೆ ಬೋಯಾದ ಅಡಿಯಲ್ಲಿ ಮೀನು ಸೇರುತ್ತದೆ. ಮೀನು ಸೇರಿದ ಕಡೆ ಬೋಟೂ ಸೇರುತ್ತದೆ. ಉಪಕರಣ ಹಾಳಾಗುವುದು ಹಾಗೆ.

ಬೆಲೂನು ಮೇಲೆ ಹೋದಂತೆ ಉಬ್ಬುತ್ತಾ ಹೋಗಿ, 30 ಕಿಲೋಮೀಟರ್ ಆಸುಪಾಸಿನಲ್ಲಿ ಒಡೆಯುತ್ತದೆ. ಡಬ್ಬಿ ಕೆಳಗೆ ಬೀಳುತ್ತದೆ. ಕೆಲವು ಸಲ ನೆಲಕ್ಕೆ, ಯಾರದೋ ತೋಟಕ್ಕೆ. ನಿಮಗೆ ಸಿಕ್ಕಿದರೆ ಹೆದರಬೇಡಿ, ಬಾಂಬ್ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಒಳಗಿರುವುದು ಸೆನ್ಸರ್, ಬ್ಯಾಟರಿ, ಆಂಟೆನಾ ಅಷ್ಟೇ. ಅದರ ಮಾಹಿತಿ ಎಲ್ಲಾ ದಾರಿಯಲ್ಲೇ ರೇಡಿಯೋ ಮೂಲಕ ಪಣಂಬೂರು ಸೇರಿ ಆಗಿರುತ್ತದೆ.